ಬೆಳೆದ ಮಕ್ಕಳ ಮನೋವ್ಯಾಧಿಯೂ ಹೆತ್ತವರ ಹೊಣೆಯೂ

ಮಗುವಿಗೆ ಜ್ವರ ಬಂದರೆ ಮಾಡಬೇಕಾದುದೇನೆಂಬುದನ್ನು ತಾಯ್ತಂದೆಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಣೆ ಮುಟ್ಟಿ ನೋಡುವುದು, ಒದ್ದೆ ಬಟ್ಟೆಯ ಪಟ್ಟಿ ಹಾಕುವುದು, ಗಂಜಿ ಕುಡಿಸುವುದು, ಕಡೆಗೆ ಎತ್ತಿಕೊಂಡು ವೈದ್ಯರ ಬಳಿಗೆ ಓಡುವುದು, ಇವೆಲ್ಲ ತಲೆತಲಾಂತರದಿಂದ ಬಂದ ತಿಳಿವಳಿಕೆ. ಆದರೆ ಆ ಮಗುವೇ ಬೆಳೆದು ಇಪ್ಪತ್ತೆರಡು ವರ್ಷದ ತರುಣನೋ ತರುಣಿಯೋ ಆದ ಮೇಲೆ, ರೋಗವು ದೇಹಕ್ಕಲ್ಲದೆ ಮನಸ್ಸಿಗೆ ಬಂದರೆ? ಆಗ ಹಿಂದಿನ ಯಾವ ತಿಳಿವಳಿಕೆಯೂ ಕೈಗೆ ಎಟುಕುವುದಿಲ್ಲ. ಎತ್ತಿಕೊಂಡು ಓಡುವಂತಿಲ್ಲ, ಅವನು ಪ್ರಾಪ್ತವಯಸ್ಕ. ಅವನ ಪಾಡಿಗೆ ಬಿಟ್ಟುಬಿಡುವಂತೆಯೂ ಇಲ್ಲ, ಅವನು ಮಗ. ಈ ಇಬ್ಬಂದಿಯಲ್ಲಿ ಸಿಲುಕಿದ ಮನೆಗಳು ನಮ್ಮ ಸುತ್ತ ಎಷ್ಟೋ ಇವೆ. ಅವು ಮಾತನಾಡುವುದಿಲ್ಲವಾದ್ದರಿಂದ ನಮಗೆ ಕಾಣುವುದಿಲ್ಲ, ಅಷ್ಟೆ.

ಮನೋವ್ಯಾಧಿಗಳು ತಲೆದೋರುವ ಕಾಲವೇ ಅಂಥದು. ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ, ಜೀವಮಾನದಲ್ಲಿ ಕಾಣಿಸಿಕೊಳ್ಳುವ ಮನೋವ್ಯಾಧಿಗಳಲ್ಲಿ ಅರ್ಧದಷ್ಟು 14ನೆಯ ವಯಸ್ಸಿನೊಳಗೂ, ಮುಕ್ಕಾಲು ಪಾಲು 24ನೆಯ ವಯಸ್ಸಿನೊಳಗೂ ಆರಂಭವಾಗುತ್ತವೆ. ಅವುಗಳಲ್ಲೆಲ್ಲ ಉಗ್ರವಾದ ಸ್ಕಿಜೋಫ್ರೀನಿಯ ಎಂಬ ರೋಗವು ಗಂಡುಮಕ್ಕಳಲ್ಲಿ ಸಾಮಾನ್ಯವಾಗಿ ಹದಿಹರೆಯದ ಕೊನೆಯಿಂದ ಇಪ್ಪತ್ತರ ನಡುವಯಸ್ಸಿನೊಳಗೆ ಮೈದೋರುತ್ತದೆ. ಹೆಣ್ಣುಮಕ್ಕಳಲ್ಲಿ ತುಸು ತಡವಾಗಿ. ಎಂದರೆ, ‘ಇನ್ನೇನು, ಮಗ ಕೈಗೆ ಬಂದ’ ಎಂದು ಹೆತ್ತವರು ನೆಮ್ಮದಿಯ ಉಸಿರು ಬಿಡುವ ಹೊತ್ತಿಗೆ ಸರಿಯಾಗಿ ಈ ವಿಪತ್ತು ಬಂದೊದಗುತ್ತದೆ.

ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರವೇನೆಂದು ವಾಚಕರು ಕೇಳಬಹುದು. ಎರಡು ಕಾರಣಗಳುಂಟು. ನಮ್ಮ ತರಗತಿಗಳಲ್ಲಿ ಕುಳಿತಿರುವವರು ಇದೇ ವಯಸ್ಸಿನವರು. ಮುಂದಿನ ಸಾಲಿನ ಬುದ್ಧಿವಂತ ವಿದ್ಯಾರ್ಥಿಯೊಬ್ಬನು ಹಿಂದಿನ ಸಾಲಿಗೆ ಸರಿದು, ಅಲ್ಲಿಂದ ಹಾಜರಿ ಪುಸ್ತಕದಿಂದಲೇ ಮರೆಯಾದುದನ್ನು ನಾವು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇವೆ. ಎರಡನೆಯದು ನಮ್ಮ ಮನೆಯದೇ ಮಾತು. ನಮ್ಮ ತಮ್ಮನಿಗೆ ಸ್ಕಿಜೋಫ್ರೀನಿಯ ಇದೆ. ಈ ಲೇಖನವನ್ನು ಅವನಿಗೆ ಓದಿ ಹೇಳಿ, ಅವನ ಒಪ್ಪಿಗೆಯನ್ನು ಪಡೆದೇ ಪ್ರಕಟಣೆಗೆ ಕಳುಹಿಸುತ್ತಿದ್ದೇವೆ. “ನನ್ನ ಹೆಸರು ಬೇಡ, ಕಾಯಿಲೆಯ ಹೆಸರು ಇರಲಿ ಅಣ್ಣ” ಎಂಬುದೊಂದೇ ಅವನು ಹಾಕಿದ ನಿಬಂಧನೆ.

ನಮ್ಮ ಮನೆಯಲ್ಲಿ ನಡೆದುದು

ಪದವಿಯ ಕೊನೆಯ ವರ್ಷದಲ್ಲಿದ್ದಾಗ ಅವನು ಮೊದಲು ರಾತ್ರಿಯ ನಿದ್ದೆ ಬಿಟ್ಟ. ತರುವಾಯ ಗೆಳೆಯರನ್ನು ಬಿಟ್ಟ. ಊಟದ ತಟ್ಟೆಯನ್ನು ಕೋಣೆಗೆ ಒಯ್ಯತೊಡಗಿದ. ಎದುರುಮನೆಯವರು ಹಗಲಿರುಳೂ ತನ್ನನ್ನೇ ಆಡಿಕೊಳ್ಳುತ್ತಾರೆಂದೂ, ಕಿಟಕಿ ಮುಚ್ಚಿದರೂ ಅವರ ದನಿ ಕೇಳಿಸುತ್ತದೆಂದೂ ಹೇಳಿದ. ಆ ಮನೆಗೆ ಆಗ ಬೀಗ ಹಾಕಿತ್ತು. ಅವರು ಮಗಳ ಬಾಣಂತನಕ್ಕೆಂದು ಪರವೂರಿಗೆ ಹೋಗಿ ತಿಂಗಳಾಗಿತ್ತು. ಅಂದೇ ನಮಗೆ ತಿಳಿಯಬೇಕಾಗಿತ್ತು, ತಿಳಿಯಲಿಲ್ಲ.

ನಮ್ಮ ತಂದೆಯವರು ಅದನ್ನು ಸೋಮಾರಿತನವೆಂದು ಬಗೆದರು. “ಏಳೋ, ಹೊತ್ತು ನೆತ್ತಿಗೆ ಬಂತು, ನಿನ್ನ ಜೊತೆಯವರೆಲ್ಲ ಸಂಬಳ ಎಣಿಸುತ್ತಿದ್ದಾರೆ” ಎಂಬುದು ಪ್ರತಿದಿನದ ಸುಪ್ರಭಾತವಾಯಿತು. ತಾಯಿಯವರಾದರೋ ಮಗನಿಗೆ ಮತ್ತೆ ಐದು ವರ್ಷವಾದಂತೆ ನಡೆದುಕೊಂಡರು. ಸ್ನಾನದ ನೀರು ತೋಡಿಡುವರು, ಬಟ್ಟೆ ತೆಗೆದಿಡುವರು, ಅನ್ನ ಕಲಸಿ ಬಾಗಿಲಲ್ಲಿ ನಿಲ್ಲುವರು. ಕುಲದೇವರಿಗೆ ಹರಕೆ ಹೊತ್ತರು. ಬಂಧುಗಳು, “ಒಂದು ಮದುವೆ ಮಾಡಿ, ಎಲ್ಲ ಸರಿಹೋಗುತ್ತದೆ” ಎಂದರು. ವಿಜ್ಞಾನ ಓದಿದ ನಾವು ಮಾಡಿದುದೇನು? ‘ಮನಸ್ಸು ಗಟ್ಟಿ ಮಾಡಿಕೊ’ ಎಂದು ಉಪದೇಶಿಸಿದೆವು. ಕಾಲು ಮುರಿದವನಿಗೆ ‘ಕಾಲು ಗಟ್ಟಿ ಮಾಡಿಕೊಂಡು ನಡೆ’ ಎಂದು ನಾವು ಹೇಳುತ್ತಿದ್ದೆವೆ? ಹೀಗೆ ಹದಿನಾಲ್ಕು ತಿಂಗಳು ಕಳೆದುಹೋದವು. ಈ ರೋಗದಲ್ಲಿ ಚಿಕಿತ್ಸೆಯಿಲ್ಲದೆ ಕಳೆಯುವ ಕಾಲವು ಹೆಚ್ಚಿದಷ್ಟೂ ಚೇತರಿಕೆಯು ಕಠಿಣವಾಗುವುದೆಂಬುದನ್ನು ನಾವು ಅರಿತದ್ದು ಆಮೇಲೆ.

ಒಂದು ದಿನ ಅವನು ಯಾರಿಗೂ ಹೇಳದೆ ಹೊರಟುಹೋಗಿ, ಎರಡು ದಿನಗಳ ಮೇಲೆ ಅರಸೀಕೆರೆಯ ರೈಲು ನಿಲ್ದಾಣದಲ್ಲಿ ಸಿಕ್ಕಿದ. ಆಗಷ್ಟೆ ಮನೋವೈದ್ಯರ ಬಳಿಗೆ ಹೋದೆವು. ಔಷಧಿಯಿಂದ ಕೆಲವು ವಾರಗಳಲ್ಲಿ ದನಿಗಳು ಕುಗ್ಗಿದವು. ಮೂರು ತಿಂಗಳಾದ ಮೇಲೆ ಅವನು ಮಾತ್ರೆ ನಿಲ್ಲಿಸಿದ, ರೋಗ ಮರುಕಳಿಸಿತು. ಎರಡನೆಯ ಸಲ ಹೋದಾಗ ಆ ವೈದ್ಯರು ಔಷಧಿಯ ಮಾತಿಗೆ ಮೊದಲು ನಮ್ಮ ತಂದೆಯವರನ್ನು ಕೇಳಿದ ಪ್ರಶ್ನೆ ಇದು: “ಮನೆಯಲ್ಲಿ ದಿನವೂ ಅವನೊಡನೆ ಏನು ಮಾತನಾಡುತ್ತೀರಿ?” ಹೊರಗೆ ಮೊಗಸಾಲೆಯಲ್ಲಿ ಕುಳಿತಿದ್ದ ನಮ್ಮ ತಾಯಿಯವರು ನಮ್ಮನ್ನು ಕೇಳಿದ ಪ್ರಶ್ನೆ ಬೇರೆ: “ನಾವು ಸಾಕಿದ್ದರಲ್ಲಿ ಏನು ತಪ್ಪಾಯಿತು?”

ಈ ಎರಡು ಪ್ರಶ್ನೆಗಳೂ ಒಂದೇ ಎಂದು ಬಹುಮಂದಿ ತಿಳಿಯುತ್ತಾರೆ. ಅವು ಒಂದಲ್ಲ. ಮೊದಲನೆಯದು ಉತ್ತರಿಸಲು ತಕ್ಕುದು. ಎರಡನೆಯದು ಕೈಬಿಡಲು ತಕ್ಕುದು. ಇದೇ ನಮ್ಮ ಲೇಖನದ ಮುಖ್ಯಾಭಿಪ್ರಾಯ.

ತಪ್ಪು ಯಾರದು?

ತಾಯಿಯವರ ಪ್ರಶ್ನೆಗೆ ‘ನಿಮ್ಮದೇ’ ಎಂದು ವಿಜ್ಞಾನದ ಹೆಸರಿನಲ್ಲಿಯೇ ಉತ್ತರ ಕೊಟ್ಟ ಕಾಲವೊಂದಿತ್ತು. 1948ರಲ್ಲಿ ಅಮೆರಿಕದಲ್ಲಿ ನೆಲಸಿದ್ದ ಫ್ರೀಡಾ ಫ್ರಾಮ್-ರೈಖ್‌ಮನ್ ಎಂಬ ಮನೋವೈದ್ಯೆಯು ಸ್ಕಿಜೋಫ್ರೀನಿಯವನ್ನು ಹುಟ್ಟಿಸುವಂಥ ತಾಯಿ ಎಂಬರ್ಥದ ಪದವೊಂದನ್ನು ಬಳಕೆಗೆ ತಂದರು. ಮಗುವನ್ನು ತಣ್ಣಗೆ ದೂರವಿಡುವ, ಇಲ್ಲವೆ ಬಿಗಿಯಾಗಿ ಹಿಡಿದಾಳುವ ತಾಯಿಯಿಂದಲೇ ಈ ರೋಗ ಬರುತ್ತದೆಂಬ ಮತವು ಎರಡು ಮೂರು ದಶಕಗಳ ಕಾಲ ಪ್ರಬಲವಾಗಿತ್ತು. ಮಗನ ವ್ಯಾಧಿಯ ದುಃಖದ ಮೇಲೆ ಅದನ್ನು ಹುಟ್ಟಿಸಿದವಳೆಂಬ ಅಪವಾದವನ್ನೂ ಹೊತ್ತು ಎಷ್ಟು ಮಂದಿ ತಾಯಂದಿರು ಬದುಕು ಸವೆಸಿದರೋ!

ಈ ಮತವನ್ನು ಪರೀಕ್ಷೆಗೆ ಒಡ್ಡುವುದು ಹೇಗೆ? ಹೆತ್ತ ತಾಯಿ ಬೇರೆ, ಸಾಕಿದ ತಾಯಿ ಬೇರೆ ಆಗಿರುವಂಥ ಮಕ್ಕಳನ್ನು ನೋಡಬೇಕು. ಅಮೆರಿಕದ ಲೆನರ್ಡ್ ಹೆಸ್ಟನ್ ಎಂಬವರು ಈ ಕೆಲಸವನ್ನು ಮಾಡಿ 1966ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಸ್ಕಿಜೋಫ್ರೀನಿಯ ಇದ್ದ ತಾಯಂದಿರಿಗೆ ಹುಟ್ಟಿ, ಹುಟ್ಟಿದ ಕೆಲವೇ ದಿನಗಳಲ್ಲಿ ಅವರಿಂದ ಬೇರ್ಪಟ್ಟು ಬೇರೆಡೆ ಬೆಳೆದ 47 ಮಂದಿಯನ್ನೂ, ಅದೇ ರೀತಿ ಬೇರೆಡೆ ಬೆಳೆದ, ಆದರೆ ಈ ರೋಗವಿಲ್ಲದ ತಾಯಂದಿರಿಗೆ ಹುಟ್ಟಿದ 50 ಮಂದಿಯನ್ನೂ ಅವರು ಹುಡುಕಿ ಪರೀಕ್ಷಿಸಿದರು. ಮೊದಲ ಗುಂಪಿನಲ್ಲಿ 5 ಮಂದಿಗೆ ಸ್ಕಿಜೋಫ್ರೀನಿಯ ಬಂದಿತ್ತು. ಎರಡನೆಯ ಗುಂಪಿನಲ್ಲಿ ಒಬ್ಬರಿಗೂ ಇಲ್ಲ. ರೋಗಿಯಾದ ತಾಯಿಯು ಆ ಐವರನ್ನು ಸಾಕಿಯೇ ಇರಲಿಲ್ಲ; ಆದರೂ ರೋಗ ಬಂದಿತು. ಸಾಕಣೆಯೇ ಮೂಲವೆಂಬ ವಾದಕ್ಕೆ ಇದು ಬಲವಾದ ಪೆಟ್ಟು.

ಹಾಗಾದರೆ ಎಲ್ಲವೂ ರಕ್ತದಲ್ಲಿಯೇ ಬರೆದಿದೆಯೆ? ಅದೂ ಅಲ್ಲ. ಮೊದಲ ಗುಂಪಿನಲ್ಲಿಯೂ 42 ಮಂದಿಗೆ ಈ ರೋಗ ಬರಲಿಲ್ಲವೆಂಬುದನ್ನು ಗಮನಿಸಬೇಕು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಆನುವಂಶಿಕ ದ್ರವ್ಯವು ಒಂದೇ. ಆದರೂ ಒಬ್ಬರಿಗೆ ಈ ರೋಗ ಬಂದಾಗ ಇನ್ನೊಬ್ಬರಿಗೆ ಬರುವುದು ಹೆಚ್ಚೆಂದರೆ ಅರ್ಧಕ್ಕೆ ಸಮೀಪದಷ್ಟು ಸಲ. ಸಾಮಾನ್ಯ ಜನರಲ್ಲಿ ಇದು ಬರುವುದು ಸುಮಾರು ನೂರಕ್ಕೆ ಒಬ್ಬರಿಗೆ. ನೂರಾರು ಜೀನ್‌ಗಳ ಸಣ್ಣ ಸಣ್ಣ ಪ್ರಭಾವ, ಗರ್ಭದಲ್ಲಿಯೂ ಹೆರಿಗೆಯಲ್ಲಿಯೂ ಒದಗಿದ ತೊಡಕು, ಬೆಳೆಯುವ ಮಿದುಳಿನ ಏರುಪೇರು, ಗಾಂಜಾದಂಥ ವಸ್ತುಗಳ ಸೇವನೆ, ಹೀಗೆ ಹಲವು ಎಳೆಗಳು ಕೂಡಿ ಈ ಹೊರೆಯಾಗುತ್ತದೆ. ಇವುಗಳಲ್ಲಿ ‘ನೀನು ಮಗನನ್ನು ಸರಿಯಾಗಿ ಸಾಕಲಿಲ್ಲ’ ಎಂದು ತಾಯಿಯೊಬ್ಬಳ ಕಡೆಗೆ ಬೆರಳು ತೋರಿಸಬಹುದಾದ ಎಳೆ ಯಾವುದು? ಆದ್ದರಿಂದ ನಮ್ಮ ತಾಯಿಯವರ ಪ್ರಶ್ನೆಗೆ ಉತ್ತರ: ನಿಮ್ಮ ತಪ್ಪಲ್ಲ. ಆ ಪ್ರಶ್ನೆಯನ್ನು ಇನ್ನು ಕೇಳಿಕೊಳ್ಳಬೇಕಾಗಿಲ್ಲ.

ಮನೆಯ ಗಾಳಿ

ಮನೆಯು ರೋಗಕ್ಕೆ ಕಾರಣವಲ್ಲವೆಂದ ಮಾತ್ರಕ್ಕೆ ರೋಗದ ಮುಂದಿನ ಗತಿಯಲ್ಲಿ ಮನೆಗೆ ಯಾವ ಪಾತ್ರವೂ ಇಲ್ಲವೆಂದು ಭಾವಿಸುವುದು ಇನ್ನೊಂದು ತಪ್ಪು. ಸಿಹಿಮೂತ್ರವನ್ನು ಅಡಿಗೆಮನೆಯು ಹುಟ್ಟಿಸದಿರಬಹುದು. ಬಂದ ಮೇಲೆ ಅದು ಹತೋಟಿಯಲ್ಲಿರುವುದೋ ಇಲ್ಲವೋ ಎಂಬುದು ಅಡಿಗೆಮನೆಯನ್ನೂ ಅವಲಂಬಿಸಿದೆಯಷ್ಟೆ.

1952ರಲ್ಲಿ ಪ್ಯಾರಿಸಿನಲ್ಲಿ ಡಿಲೇ ಮತ್ತು ಡೆನಿಕೇರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಔಷಧಿಯ ಗುಣವನ್ನು ತೋರಿಸಿಕೊಟ್ಟ ಮೇಲೆ, ವರ್ಷಾನುಗಟ್ಟಲೆ ಆಸ್ಪತ್ರೆಯಲ್ಲಿದ್ದವರು ಮನೆಗೆ ಮರಳುವಂತಾಯಿತು. ಆದರೆ ಮರಳಿದವರಲ್ಲಿ ಕೆಲವರು ಚೆನ್ನಾಗಿ ಬಾಳಿದರು, ಕೆಲವರು ಮತ್ತೆ ಆಸ್ಪತ್ರೆಗೆ ಬಂದರು. ಈ ಭೇದವೇಕೆ? ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜವಿಜ್ಞಾನಿಯೂ ಅವರ ಸಂಗಡಿಗರೂ ಇದನ್ನು ವಿಚಾರಿಸಿ, 1958ರಲ್ಲಿ ವಿಚಿತ್ರವಾದ ಸಂಗತಿಯೊಂದನ್ನು ಪ್ರಕಟಿಸಿದರು. ಬಾಡಿಗೆಯ ಕೋಣೆಗಳಿಗೋ ಒಡಹುಟ್ಟಿದವರ ಮನೆಗೋ ಹೋದವರಿಗಿಂತ ತಾಯ್ತಂದೆಗಳ ಅಥವಾ ಹೆಂಡತಿಯ ಬಳಿಗೆ ಹೋದವರಲ್ಲಿ ರೋಗ ಹೆಚ್ಚಾಗಿ ಮರುಕಳಿಸಿತ್ತು! ಪ್ರೀತಿಯಿರುವ ಕಡೆಯೇ ರೋಗ ಮರುಕಳಿಸುವುದೆಂದರೆ ಇದೆಂಥ ವಿಪರೀತ?

ಅವರು ಮುಂದೆ ಹೊಸ ಬಗೆಯ ಅಳತೆಯೊಂದನ್ನು ರೂಪಿಸಿದರು. ರೋಗಿಯು ಎದುರಿಗಿಲ್ಲದಾಗ ಮನೆಯವರನ್ನು ಮಾತನಾಡಿಸುವುದು. ಅವರ ಮಾತಿನಲ್ಲಿ ಎಷ್ಟು ಕಟು ಟೀಕೆಗಳಿವೆಯೆಂದು, ಮಾತಿನ ಅರ್ಥವನ್ನು ಮಾತ್ರವಲ್ಲದೆ ದನಿಯ ಏರಿಳಿತವನ್ನೂ ಗಮನಿಸಿ ಎಣಿಸುವುದು. ಹಗೆತನವಿದೆಯೇ, ಅಳತೆ ಮೀರಿದ ತೊಡಗುವಿಕೆಯಿದೆಯೇ ಎಂದು ಗುರುತಿಸುವುದು. 1972ರಲ್ಲಿ 101 ಮಂದಿ ರೋಗಿಗಳ ಕುರಿತು ಪ್ರಕಟವಾದ ಅವರ ಫಲಿತಾಂಶ ಹೀಗಿತ್ತು: ಟೀಕೆ, ಹಗೆತನ ಅಥವಾ ಅತಿಯಾದ ತೊಡಗುವಿಕೆ ಹೆಚ್ಚಾಗಿದ್ದ ಮನೆಗಳಲ್ಲಿ ಒಂಬತ್ತು ತಿಂಗಳೊಳಗೆ ನೂರಕ್ಕೆ 58 ಮಂದಿಗೆ ರೋಗ ಮರುಕಳಿಸಿತು, ಅವು ಕಡಿಮೆಯಾಗಿದ್ದ ಮನೆಗಳಲ್ಲಿ ನೂರಕ್ಕೆ 16 ಮಂದಿಗೆ. ಬಿಗುವಿನ ಮನೆಗಳಲ್ಲಿಯೂ ರೋಗಿಯು ಆ ಬಂಧುವಿನ ಎದುರಿಗೆ ವಾರಕ್ಕೆ 35 ಗಂಟೆಗಳಿಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆಯಾಗುತ್ತಿತ್ತು. ಖಿನ್ನತೆಯಲ್ಲಿಯೂ ಉನ್ಮಾದ-ಖಿನ್ನತೆಯಲ್ಲಿಯೂ ಇದೇ ಬಗೆಯ ಸಂಬಂಧವು ತರುವಾಯ ಕಂಡುಬಂದಿದೆ. ನಮ್ಮ ದೇಶದ ಚಂಡೀಗಢದಲ್ಲಿ ನಡೆದು 1987ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಲ್ಲಿಯ ಮನೆಗಳಲ್ಲಿ ಇಂಥ ಬಿಗುವು ಲಂಡನ್ನಿಗಿಂತ ಬಹಳ ಕಡಿಮೆಯೆಂದೂ, ಹಳ್ಳಿಗಳಲ್ಲಿ ಇನ್ನೂ ಕಡಿಮೆಯೆಂದೂ ತಿಳಿದುಬಂದಿತು.

ಇಲ್ಲಿ ಜಾಗರೂಕ ವಾಚಕರಿಗೆ ಒಂದು ಸಂದೇಹ ಬರಬೇಕು. ಟೀಕೆಯಿಂದ ರೋಗ ಹೆಚ್ಚಿತೋ, ರೋಗ ಹೆಚ್ಚಾಗಿದ್ದುದರಿಂದಲೇ ಮನೆಯವರು ಬೇಸತ್ತು ಟೀಕಿಸಿದರೋ? ಎರಡು ಸಂಗತಿಗಳು ಜೊತೆಯಾಗಿ ನಡೆದರೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಕೂಡದೆಂಬುದು ವಿಜ್ಞಾನದ ಮೊದಲ ಪಾಠಗಳಲ್ಲೊಂದು. ಇದನ್ನು ತೀರ್ಮಾನಿಸಲು ಪ್ರಯೋಗವೇ ಬೇಕು; ಮನೆಯನ್ನು ಬದಲಾಯಿಸಿ ನೋಡಬೇಕು. ಜೂಲಿಯನ್ ಲೆಫ್ ಮತ್ತು ಸಂಗಡಿಗರು ಬಿಗುವಿನ 24 ಮನೆಗಳನ್ನು ಆರಿಸಿ, ರೋಗಿಗಳೆಲ್ಲರಿಗೂ ಔಷಧಿ ನಡೆಯುತ್ತಿರುವಂತೆಯೇ, ಅರ್ಧದಷ್ಟು ಮನೆಯವರಿಗೆ ಮಾತ್ರ ರೋಗದ ಸ್ವರೂಪವನ್ನು ತಿಳಿಸಿಕೊಟ್ಟು, ಮನೆಯವರ ಕೂಟಗಳನ್ನು ನಡೆಸಿ ಬಿಗುವನ್ನು ತಗ್ಗಿಸಲು ನೆರವಾದರು. 1982ರಲ್ಲಿ ಅವರು ಪ್ರಕಟಿಸಿದಂತೆ, ಈ ನೆರವಿಲ್ಲದ ಗುಂಪಿನಲ್ಲಿ ಒಂಬತ್ತು ತಿಂಗಳೊಳಗೆ ಅರ್ಧದಷ್ಟು ಮಂದಿಗೆ ರೋಗ ಮರುಕಳಿಸಿತು. ನೆರವು ಪಡೆದ ಗುಂಪಿನಲ್ಲಿ ಹತ್ತರಲ್ಲೊಂದು ಪಾಲಿಗೂ ಕಡಿಮೆ. ಇದು ಸಣ್ಣ ಪ್ರಯೋಗವೇ ಸರಿ. ಆದರೆ ಆಮೇಲೆ ಹಲವು ದೇಶಗಳಲ್ಲಿ ನಡೆದ ಪ್ರಯೋಗಗಳನ್ನು ಒಟ್ಟಿಗೆ ನೋಡಿದರೂ, ಮನೆಯವರಿಗೆ ತಿಳಿವಳಿಕೆ ಕೊಟ್ಟಾಗ ರೋಗ ಮರುಕಳಿಸುವುದು ಕಡಿಮೆಯಾಗುವುದೆಂಬುದು ಸ್ಥಿರಪಟ್ಟಿದೆ.

ಗ್ಯಾಲ್ವನೋಮೀಟರಿನ ಪಾಠ

ಪ್ರಯೋಗಶಾಲೆಯಲ್ಲಿ ಹೊಸ ವಿದ್ಯಾರ್ಥಿಗಳು ತೂಗುಸುರುಳಿಯ ಗ್ಯಾಲ್ವನೋಮೀಟರಿನೊಡನೆ ಹೆಣಗುವುದನ್ನು ನಾವು ಪ್ರತಿ ವರ್ಷವೂ ನೋಡುತ್ತೇವೆ. ಸುರುಳಿಯು ಅತ್ತಿತ್ತ ತೂಗಾಡತೊಡಗಿದರೆ ನಿಲ್ಲುವುದೇ ಇಲ್ಲ. ಅವಸರಪಟ್ಟು ಮೇಜನ್ನೋ ಉಪಕರಣವನ್ನೋ ತಟ್ಟಿದರೆ ತೂಗಾಟ ಹೆಚ್ಚುತ್ತದೆ. ತಿಳಿದವನು ಹಾಗೆ ತಟ್ಟುವುದಿಲ್ಲ. ಪಕ್ಕದ ಕೀಲಿಯನ್ನು ಒತ್ತಿ ಮಂಡಲವನ್ನು ಮುಚ್ಚುತ್ತಾನೆ. ಆಗ ಸುರುಳಿಯ ಚಲನೆಯಿಂದಲೇ ಹುಟ್ಟಿದ ವಿದ್ಯುತ್ಪ್ರವಾಹವು ಆ ಚಲನೆಯನ್ನು ತಡೆದು ಸುರುಳಿಯನ್ನು ಮೆಲ್ಲನೆ ನೆಲೆಗೆ ತರುತ್ತದೆ. ಆಂದೋಲನವನ್ನು ಹೀಗೆ ತಗ್ಗಿಸುವುದಕ್ಕೆ ಅವಮಂದನವೆಂದು ಹೆಸರು. ಆದರೆ ಅವಮಂದನವು ಅತಿಯಾದರೂ ಕೆಲಸ ಕೆಡುತ್ತದೆ. ಸುರುಳಿಯು ಜೇನಿನಲ್ಲಿ ಮುಳುಗಿದ ಹುಳುವಿನಂತೆ ತೆವಳಿ, ತೋರಿಸಬೇಕಾದ ಗುರುತನ್ನು ಮುಟ್ಟಲು ಎಷ್ಟೋ ಹೊತ್ತು ಹಿಡಿಯುತ್ತದೆ.

ಮನುಷ್ಯನು ತಂತಿಯ ಸುರುಳಿಯಲ್ಲ; ಈ ಹೋಲಿಕೆಯನ್ನು ಪ್ರಮಾಣವೆಂದು ಯಾರೂ ತಿಳಿಯಬಾರದು. ಆದರೂ ನಮ್ಮ ಮನೆಯಲ್ಲಿ ನಡೆದುದನ್ನು ಅರ್ಥಮಾಡಿಕೊಳ್ಳಲು ಇದು ನಮಗೆ ನೆರವಾಯಿತು. ನಮ್ಮ ತಂದೆಯವರು ಪ್ರತಿದಿನವೂ ಬೆಳಗ್ಗೆ ಮೇಜನ್ನು ತಟ್ಟುತ್ತಿದ್ದರು. ನಮ್ಮ ತಾಯಿಯವರು ಮಗನನ್ನು ಜೇನಿನಲ್ಲಿ ಅದ್ದಿದ್ದರು. ಇಬ್ಬರೂ ಮಾಡಿದ್ದು ಪ್ರೀತಿಯಿಂದಲೇ. ಬ್ರೌನರು ಕಂಡ ವಿಪರೀತಕ್ಕೆ ಉತ್ತರ ಇಲ್ಲಿಯೇ ಇದೆ: ಕೇಡು ಪ್ರೀತಿಯಲ್ಲಿಲ್ಲ, ಪ್ರೀತಿಯು ಹಿಡಿಯುವ ದಾರಿಯಲ್ಲಿದೆ. ತಿಳಿವಳಿಕೆಯ ನೆರವಿಲ್ಲದ ಪ್ರೀತಿಯು ಭಯವಾಗಿ ಹೊರಹೊಮ್ಮುತ್ತದೆ. ಒಬ್ಬರಲ್ಲಿ ಅದು ಗದರಿಕೆಯಾದರೆ ಇನ್ನೊಬ್ಬರಲ್ಲಿ ಅತಿಯಾದ ಆರೈಕೆಯಾಗುತ್ತದೆ.

ರೋಗಿಯು ಏಳದಿರುವುದು, ಸ್ನಾನ ಮಾಡದಿರುವುದು, ಮಾತನಾಡದಿರುವುದು, ಇವು ಹಟವಲ್ಲ, ರೋಗದ ಲಕ್ಷಣಗಳು. ದನಿಗಳು ಕೇಳುವುದಕ್ಕಿಂತ ಈ ಜಡತೆಯೇ ಔಷಧಿಗೆ ಕಡಿಮೆ ಬಗ್ಗುವಂಥದು. ಇದನ್ನು ವೈದ್ಯರು ವಿವರಿಸಿದ ದಿನ ನಮ್ಮ ತಂದೆಯವರು ಬಹಳ ಹೊತ್ತು ಸುಮ್ಮನಿದ್ದರು. ಮಾರನೆಯ ಬೆಳಗ್ಗೆ ಅವರು ಮಗನನ್ನು ಕೂಗಲಿಲ್ಲ.

ಬೆಳೆದವನ ಹಕ್ಕು

“ನಮ್ಮ ದೇಶದಲ್ಲಿ ಮನೆಯವರೇ ಎಲ್ಲ. ಮಗನು ಎಷ್ಟು ಬೆಳೆದರೂ ಮಗನೇ. ಅವನ ಪರವಾಗಿ ನಾವು ತೀರ್ಮಾನಿಸದಿದ್ದರೆ ಯಾರು ತೀರ್ಮಾನಿಸುತ್ತಾರೆ?” ಎಂದು ಅನೇಕರು ಕೇಳುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವುಂಟು. ಮನೆಯವರು ಜೊತೆಗಿರುವುದು ನಮ್ಮ ನಾಡಿನ ಬಹುದೊಡ್ಡ ಬಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳೊಡನೆ ಅವರ ಮನೆಯವರನ್ನೂ ಇರಿಸಿಕೊಂಡು ಚಿಕಿತ್ಸೆ ನಡೆಸಿದರು. ವೆಲ್ಲೂರಿನಲ್ಲಿಯೂ, ಬೆಂಗಳೂರಿನಲ್ಲಿ ಜನರು ನಿಮ್ಹಾನ್ಸ್ ಎಂದು ಕರೆಯುವ ಸಂಸ್ಥೆಯಲ್ಲಿಯೂ ಮನೆಯವರನ್ನು ಕೂಡಿಸಿಕೊಂಡು ಚಿಕಿತ್ಸೆ ಮಾಡುವ ಪದ್ಧತಿ ಬೆಳೆದುಬಂದಿತು. ಮನೆಯವರು ಕೈಬಿಟ್ಟರೆ ಆಗುವುದೇನೆಂಬುದಕ್ಕೂ ಒಂದು ದಿನದ ನೆನಪು ಸಾಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿತರಾಗಿದ್ದ 28 ಮಂದಿ ಮನೋರೋಗಿಗಳು ಓಡಲಾರದೆ ಸುಟ್ಟು ಸತ್ತರು.

ಆದರೆ ಜೊತೆಗಿರುವುದು ಬೇರೆ, ಅವನ ಬಾಳನ್ನು ತಾವೇ ಬಾಳುವುದು ಬೇರೆ. 2018ರ ಮೇ 29ರಿಂದ ಜಾರಿಯಲ್ಲಿರುವ, 2017ರ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮವು ಈ ಭೇದವನ್ನು ಗುರುತಿಸಿದೆ. ಅದರ ಪ್ರಕಾರ ವಯಸ್ಕನಾದ ಪ್ರತಿಯೊಬ್ಬನೂ ತನಗೆ ಮುಂದೆ ಇಂಥ ರೋಗ ಬಂದು ತೀರ್ಮಾನಿಸುವ ಶಕ್ತಿ ತಪ್ಪಿದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಮುಂಚಿತವಾಗಿ ಬರೆದಿಡಬಹುದು. ತನ್ನ ಪರವಾಗಿ ಮಾತನಾಡತಕ್ಕ ಪ್ರತಿನಿಧಿಯನ್ನೂ ಹೆಸರಿಸಬಹುದು. ಸರಪಳಿಯಿಂದ ಬಂಧಿಸುವುದನ್ನು ಅದು ನಿಷೇಧಿಸಿದೆ. ನಮ್ಮ ತಮ್ಮನು ಚೆನ್ನಾಗಿದ್ದ ಕಾಲದಲ್ಲಿ ಇಂಥ ಪತ್ರವನ್ನು ಬರೆಯಲು ಕುಳಿತ. ಪ್ರತಿನಿಧಿಯ ಜಾಗದಲ್ಲಿ ಅವನು ನಮ್ಮ ಹೆಸರನ್ನಲ್ಲ, ತಂದೆಯವರ ಹೆಸರನ್ನೂ ಅಲ್ಲ, ನಮ್ಮ ಅತ್ತೆಯ ಹೆಸರನ್ನು ಬರೆದ. ನಮಗೆ ನೋವಾಯಿತೆಂಬುದನ್ನು ಮುಚ್ಚಿಡಲಾರೆವು. “ಅತ್ತೆ ನನ್ನನ್ನು ಯಾವತ್ತೂ ‘ಮಾತ್ರೆ ತೊಗೊಂಡ್ಯಾ’ ಅಂತ ಮೊದಲು ಕೇಳೋದಿಲ್ಲ, ‘ಊಟ ಆಯ್ತಾ’ ಅಂತ ಕೇಳ್ತಾಳೆ” ಎಂದ. ಇದಕ್ಕಿಂತ ಹೆಚ್ಚಿನ ಪಾಠವನ್ನು ನಾವು ಯಾವ ಗ್ರಂಥದಲ್ಲಿಯೂ ಓದಿಲ್ಲ.

ಇನ್ನು ಮದುವೆಯ ಔಷಧಿಯ ವಿಚಾರ. ಮದುವೆಯಿಂದ ಮನೋವ್ಯಾಧಿಯು ವಾಸಿಯಾಗುವುದೆಂಬುದಕ್ಕೆ ಯಾವ ಆಧಾರವೂ ಇಲ್ಲ. ರೋಗವನ್ನು ಮುಚ್ಚಿಟ್ಟು ಮದುವೆ ಮಾಡುವುದೆಂದರೆ ಒಂದು ಮನೆಯ ಸಂಕಟವನ್ನು ಎರಡು ಮನೆಗಳಿಗೆ ಹಂಚುವುದು. ಅದೂ ಏನೂ ತಿಳಿಯದ ಹೆಣ್ಣುಮಗಳೊಬ್ಬಳ ಕೊರಳಿಗೆ ಕಟ್ಟುವುದು. ಇದು ಆರೈಕೆಯಲ್ಲ, ವಂಚನೆ. ರೋಗವು ಹತೋಟಿಗೆ ಬಂದ ಮೇಲೆ, ಎಲ್ಲವನ್ನೂ ತಿಳಿಸಿ, ಇಬ್ಬರೂ ಒಪ್ಪಿ ಆಗುವ ಮದುವೆಯ ಮಾತು ಬೇರೆ. ಅದು ಅವರ ಹಕ್ಕು.

ಮನೆಯವರು ಮಾಡತಕ್ಕುದೇನು? ದಿನದ ಮಾತಿನಲ್ಲಿ ಟೀಕೆಯನ್ನು ಕಡಿಮೆ ಮಾಡುವುದು. ಮಾಡದಿರುವುದನ್ನು ಎಣಿಸದೆ ಮಾಡಿದ್ದನ್ನು ಗಮನಿಸುವುದು. ಅವನಿಗೆ ಕೇಳುವ ದನಿಗಳು ಸುಳ್ಳೆಂದು ವಾದಿಸುವುದೂ ಬೇಡ, ನಿಜವೆಂದು ಒಪ್ಪುವುದೂ ಬೇಡ. “ನನಗೆ ಕೇಳಿಸದು, ಆದರೆ ನಿನಗೆ ಸಂಕಟವಾಗುತ್ತಿದೆಯೆಂದು ಕಾಣುತ್ತದೆ” ಎಂದರೆ ಸಾಕು. ಔಷಧಿಯನ್ನು ಅನ್ನದಲ್ಲಿ ಕದ್ದು ಬೆರೆಸದಿರುವುದು. ಒಂದು ದಿನ ತಿಳಿದರೆ ಅನ್ನವನ್ನೂ ಅವನು ನಂಬನು. ಮಾತ್ರೆಯಿಂದ ಮೈಭಾರ, ನಿದ್ದೆ, ಕೈನಡುಕ ಉಂಟೆಂದು ಅವನು ಹೇಳಿದರೆ ಅದನ್ನು ನೆಪವೆಂದು ತಳ್ಳದೆ ವೈದ್ಯರಿಗೆ ತಿಳಿಸುವುದು; ಔಷಧಿಯನ್ನು ಬದಲಿಸಬಹುದು. ಅವನು ಮಾಡಬಲ್ಲ ಕೆಲಸವನ್ನು ತಾವು ಮಾಡದಿರುವುದು. ಸಾಯುವ ಮಾತನ್ನಾಡಿದರೆ ಅಂಜಿ ಮಾತು ತಿರುಗಿಸದೆ, ಅಂಥ ಯೋಚನೆ ಬರುತ್ತಿದೆಯೆ ಎಂದು ನೇರವಾಗಿ ಕೇಳುವುದು. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲವೆಂಬುದು ತಿಳಿದ ವಿಷಯ. ಆಗ ಅವನನ್ನು ಒಬ್ಬನೇ ಬಿಡದೆ ಕೂಡಲೆ ವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಿಯಾದರೂ ಹಣವಿಲ್ಲದೆ ದೂರವಾಣಿ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.

ಹೆತ್ತವರ ಗತಿ

ಇಷ್ಟನ್ನೂ ಹೆತ್ತವರಿಂದ ಬೇಡುವ ನಾವು ಅವರಿಗೆ ಕೊಡುವುದೇನು? 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಒಂದಲ್ಲ ಒಂದು ಮನೋವ್ಯಾಧಿಯಿರುವುದನ್ನು ಕಂಡಿತು. ಚಿಕಿತ್ಸೆಯಿಲ್ಲದೆ ಉಳಿದವರು, ರೋಗಕ್ಕನುಸಾರವಾಗಿ, ನೂರಕ್ಕೆ 70ರಿಂದ 92 ಮಂದಿ. ಇವರೆಲ್ಲರ ಆರೈಕೆಯ ಭಾರವನ್ನು ಹೊತ್ತಿರುವವರು ಮನೆಯವರೇ. ಹೊರುವವರಿಗೆ ಬೆನ್ನು ನೋಯುವುದಿಲ್ಲವೆ? ತಾಯಂದಿರು ಮದುವೆಮುಂಜಿಗಳಿಗೆ ಹೋಗುವುದನ್ನು ಬಿಡುತ್ತಾರೆ. ಒಡಹುಟ್ಟಿದವರ ಸಂಬಂಧಗಳು ತಪ್ಪುತ್ತವೆ. ರಾತ್ರಿ ದೀಪವಾರಿಸಿದ ಮೇಲೆ ತಂದೆಯ ಮನಸ್ಸಿನಲ್ಲಿ ಉಳಿಯುವುದು ಒಂದೇ ಪ್ರಶ್ನೆ: ‘ನಮ್ಮ ಕಾಲಾನಂತರ ಇವನ ಗತಿಯೇನು?’

ಇದಕ್ಕೆ ಉತ್ತರ ಕೊಡಬೇಕಾದುದು ಒಂಟಿ ಮನೆಯಲ್ಲ, ಸಮಾಜ. ಮನೆಯವರ ತಿಳಿವಳಿಕೆಯಿಂದ ರೋಗ ಮರುಕಳಿಸುವುದು ಕಡಿಮೆಯಾಗುವುದೆಂದು ಪ್ರಯೋಗದಿಂದ ಸಿದ್ಧವಾಗಿರುವಾಗ, ಆ ತಿಳಿವಳಿಕೆಯನ್ನು ಕೊಡುವುದು ಚಿಕಿತ್ಸೆಯ ಅಂಗವೇ ಹೊರತು ವೈದ್ಯರ ಔದಾರ್ಯವಲ್ಲ. ಮನೆಯವರೊಡನೆ ಒಂದು ಗಂಟೆ ಮಾತನಾಡದೆ ಬರೆದುಕೊಟ್ಟ ಔಷಧಿಯ ಚೀಟಿಯು ಅರ್ಧ ಚೀಟಿಯೆಂದೇ ನಮ್ಮ ಅಭಿಪ್ರಾಯ. 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ ಮಾನಸಿಕ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಒಯ್ದು ತೋರಿಸಲಾಯಿತು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ಮಾತ್ರೆಯನ್ನು ತಾಲ್ಲೂಕಿಗೆ ಮುಟ್ಟಿಸಬಲ್ಲ ನಾಡು, ತಿಂಗಳಿಗೊಮ್ಮೆ ಹತ್ತು ಮನೆಯವರನ್ನು ಒಂದು ಕೋಣೆಯಲ್ಲಿ ಕೂಡಿಸಲಾರದೆ? ಕಾಲೇಜುಗಳ ಅಧ್ಯಾಪಕರಾದ ನಾವೂ ಹಿಂದಿನ ಸಾಲಿಗೆ ಸರಿದ ಹುಡುಗನ ಅಂಕಗಳನ್ನು ಕೇಳುವುದಕ್ಕೆ ಮೊದಲು ಅವನ ನಿದ್ದೆಯನ್ನು ವಿಚಾರಿಸಬಹುದು.

ನಮ್ಮ ತಮ್ಮನು ಪೂರ್ಣ ವಾಸಿಯಾಗಿದ್ದಾನೆಂದು ನಾವು ಹೇಳುತ್ತಿಲ್ಲ. ಮಾತ್ರೆಗಳು ನಡೆದಿವೆ, ನಡುವೆ ಒಮ್ಮೆ ರೋಗ ತಲೆಯೆತ್ತಿತು, ಬೇಗನೆ ತಗ್ಗಿತು. ಈಗ ಅವನು ದಿನಕ್ಕೆ ನಾಲ್ಕು ಗಂಟೆಗಳ ಕಾಲ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾನೆ. ಸ್ನಾನದ ನೀರನ್ನು ತಾನೇ ತೋಡಿಕೊಳ್ಳುತ್ತಾನೆ. ಕೆಲವು ದಿನ ತೋಡಿಕೊಳ್ಳುವುದಿಲ್ಲ. ಆ ದಿನಗಳಲ್ಲಿ ನಮ್ಮ ತಾಯಿಯವರು ಕೈ ಕಟ್ಟಿಕೊಂಡು ಸುಮ್ಮನಿರಲು ಪಡುವ ಪಾಡನ್ನು ನಾವು ಕಣ್ಣಾರೆ ಕಾಣುತ್ತೇವೆ. ತಂದೆಯವರು ಸಂಜೆ ಅವನೊಡನೆ ಕೆರೆಯ ಏರಿಯ ಮೇಲೆ ನಡೆದು ಬರುತ್ತಾರೆ. ಇಬ್ಬರೂ ಹೆಚ್ಚು ಮಾತನಾಡುವುದಿಲ್ಲ.

ತಪ್ಪು ಯಾರದೆಂದು ಹುಡುಕುವ ಮನೆಗೆ ಕೆಲಸ ಮಾಡಲು ಶಕ್ತಿ ಉಳಿಯದು. ಹೆತ್ತವರೇ, ಆ ಹುಡುಕಾಟವನ್ನು ಬಿಡಿ, ನೀವು ಅಪರಾಧಿಗಳಲ್ಲ. ಆದರೆ ನಿಮ್ಮ ಮಗನಿಗೋ ಮಗಳಿಗೋ ನಡೆಯುತ್ತಿರುವ ಚಿಕಿತ್ಸೆಯಲ್ಲಿ ನಿಮಗೂ ಒಂದು ಪಾಲಿದೆ. ಅದನ್ನು ಕಲಿಸಿಕೊಡಿರೆಂದು ವೈದ್ಯರನ್ನು ಸಂಕೋಚಪಡದೆ ಕೇಳಿರಿ. ಕೇಳುವುದು ನಿಮ್ಮ ಹಕ್ಕು. ಕಲಿಸುವುದು ನಮ್ಮೆಲ್ಲರ ಹೊಣೆ.